ಕೊಳೆರೋಗಕ್ಕೆ ಒಂದೇ ಪುಟ: ಅಡಿಕೆ ಬ್ಲಾಗನ್ನು ನಾನು ಜೋಡಿಸಿದ್ದು ಹೀಗೆ

ಅಡಿಕೆ ಬೆಳೆಗಾರರಿಗಾಗಿ ನಾನೊಂದು ಕನ್ನಡ ಬ್ಲಾಗ್ ನಡೆಸುತ್ತೇನೆ. ತೋಟ, ಅನುಭವ ಎಲ್ಲ ಚಿಕ್ಕಪ್ಪನದು. ಬರೆದು ಹಾಕುವ ಕೆಲಸ ನನ್ನದು. ಊರು ಶಿರಸಿ ಕಡೆ. ಬರಹಕ್ಕೇನೂ ಕೊರತೆ ಇರಲಿಲ್ಲ. ಆದರೆ ಎಲ್ಲವೂ ತಾರೀಖಿನ ಪ್ರಕಾರ ಒಂದರ ಮೇಲೊಂದು ಬಿದ್ದಿದ್ದವು. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಮೇಲೆ ಪ್ರತಿ ಮಳೆಗಾಲಕ್ಕೊಂದು ಬರಹ, ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಕದಡಿದ ಔಷಧಿ) ಮೇಲೆ ಇನ್ನಷ್ಟು. ಗೂಗಲ್‌ನಲ್ಲಿ ಹುಡುಕಿದರೆ ಒಮ್ಮೆ ಇದು ಕಾಣಿಸುತ್ತಿತ್ತು, ಒಮ್ಮೆ ಅದು. ಮೊದಲ ಪುಟದಲ್ಲಿ ಯಾವುದೂ ನಿಲ್ಲುತ್ತಿರಲಿಲ್ಲ.

ಜೋಡಿಸಲು ಕೂತಾಗ ಮೊದಲು ಮಾಡಿದ ತೀರ್ಮಾನ, ಯಾವುದನ್ನು ಬರೆಯಬಾರದು ಅನ್ನುವುದು. ಅಡಿಕೆ ಅಂದರೆ ಜನ ಮೊದಲು ಹುಡುಕುವುದು ಧಾರಣೆ. ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ ಎಷ್ಟು, ಹೀಗೆ ಒಂದೊಂದು ಬಗೆಯ ಅಡಿಕೆಯ ಬೆಲೆ. ಆಸೆ ಆಗುತ್ತದೆ, ನಿಜ. ಆದರೆ ಇವತ್ತಿನ ಧಾರಣೆ ನಾಳೆ ಹಳಸಲು. ದಿನಾ ಹಾಕಲು ಪತ್ರಿಕೆಗಳ ವೆಬ್‌ಸೈಟ್‌ಗಳಿವೆ, ಅವರ ಹತ್ತಿರ ಜನ ಇದ್ದಾರೆ. ಒಬ್ಬನೇ ಕೂತು ಅವರ ಜೊತೆ ಓಡುವುದು ಸುಮ್ನೆ ದಂಡ. ಧಾರಣೆ ಬಿಟ್ಟೆ. ವರ್ಷ ಕಳೆದರೂ ಉತ್ತರ ಬದಲಾಗದ ಪ್ರಶ್ನೆಗಳನ್ನು ಹಿಡಿದೆ.

ಆ ಪ್ರಶ್ನೆಗಳು ಸಿಕ್ಕಿದ್ದು ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ, ಅಂದರೆ ಏನನ್ನು ಹುಡುಕಿದಾಗ ನಮ್ಮ ಪುಟ ಕಾಣಿಸಿತು ಅಂತ ಬ್ಲಾಗಿನವರಿಗೆ ಗೂಗಲ್ ತೋರಿಸುವ ಟೂಲ್‌ನಲ್ಲಿ. ಕೀವರ್ಡ್ (ಜನ ಹುಡುಕುವ ಪದ) ಹುಡುಕಿ ಕೊಡುವ ದುಡ್ಡಿನ ಟೂಲ್‌ಗಳನ್ನೂ ನೋಡಿದ್ದೇನೆ. ಕನ್ನಡದ ಪದ ಕೊಟ್ಟರೆ ಹೆಚ್ಚಿನ ಸಲ ಸೊನ್ನೆ ತೋರಿಸುತ್ತವೆ. ಸರ್ಚ್ ಕನ್ಸೋಲ್ ಪುಕ್ಕಟೆ, ಮೇಲಾಗಿ ನಮ್ಮದೇ ಓದುಗರು ಟೈಪ್ ಮಾಡಿದ ಮಾತುಗಳನ್ನು ತೋರಿಸುತ್ತದೆ. ಅದರಲ್ಲಿ 16 ತಿಂಗಳ ಲೆಕ್ಕ ಇರುತ್ತದೆ. ಕೃಷಿಯ ಬರಹಕ್ಕೆ ಇದು ವರ, ಯಾಕೆಂದರೆ ಹೋದ ವರ್ಷದ ಜೂನ್ ಮತ್ತು ಈ ವರ್ಷದ ಜೂನ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ನಾನು ನೋಡುವುದು ಮುಖ್ಯವಾಗಿ ಒಂದು ಗುಂಪನ್ನು: ತುಂಬಾ ಸಲ ಕಾಣಿಸಿಕೊಂಡು ಕ್ಲಿಕ್ ಸಿಗದವು, ಗೂಗಲ್ ಫಲಿತಾಂಶದಲ್ಲಿ ಸರಾಸರಿ ಸ್ಥಾನ 8ರಿಂದ 20ರ ನಡುವೆ ಇರುವವು. ಬಾಗಿಲ ತನಕ ಬಂದು ಒಳಗೆ ಬಾರದೆ ಹೋದ ಓದುಗರು ಇವರು.

ಆ ಪಟ್ಟಿಯನ್ನು ಒಂದು ಸಂಜೆ ಚಿಕ್ಕಪ್ಪನಿಗೆ ಓದಿ ಹೇಳಿದೆ. ‘ಬೋರ್ಡೋ ಹೊಡೆದ ಮೇಲೆ ಮಳೆ ಬಂದರೆ’ ಅಂತ ಒಂದು ಸಾಲಿತ್ತು. ಚಿಕ್ಕಪ್ಪ ನಕ್ಕರು. “ತಮ್ಮಾ, ಇದು ಎಲ್ಲರ ಮನೆ ಕತೆ. ಮರ ಹತ್ತಿ ಮದ್ದು ಹೊಡೆಯೋ ಕೊನೆಗೌಡ ಸಿಗೋದೇ ಒಂದು ದಿನ. ಆ ದಿನವೇ ಮಳೆ ಹಿಡೀತದೆ. ಮತ್ತೆ ಹೊಡೆಸಬೇಕಾ ಬೇಡವಾ ಅಂತ ತಲೆಬಿಸಿ.” ನಮ್ಮ ಯಾವ ಬರಹದಲ್ಲೂ ಈ ಪ್ರಶ್ನೆಗೆ ನೇರ ಉತ್ತರ ಇರಲಿಲ್ಲ. ದ್ರಾವಣ ಅಡಿಕೆ ಗೊನೆಗೆ ಅಂಟಿ ಒಣಗಿದ ಮೇಲೆ ಮಳೆ ಬಂದರೆ ಅಷ್ಟು ಚಿಂತೆ ಇಲ್ಲ, ಹಸಿ ಇರುವಾಗಲೇ ಬಂದರೆ ತೊಳೆದು ಹೋಗುತ್ತದೆ, ಮತ್ತೆ ಹೊಡೆಸಬೇಕು. ಇಷ್ಟೇ. ಇದನ್ನು ಉಪಶೀರ್ಷಿಕೆ ಮಾಡಿ, ಕೆಳಗೆ ಉತ್ತರ ಬರೆದೆವು. ಶೀರ್ಷಿಕೆಯೂ ಬದಲಾಯಿತು. ‘ಶಿಲೀಂಧ್ರನಾಶಕ ಸಿಂಪಡಣೆ’ ಅಂತ ಯಾರೂ ಹುಡುಕುವುದಿಲ್ಲ. ಔಷಧಿ ಅಂತಾರೆ, ಮದ್ದು ಅಂತಾರೆ. ಕರಾವಳಿಯವರು ಕೊಳೆರೋಗಕ್ಕೆ ಮಹಾಳಿ ಅಂತಾರೆ. ಒಂದೇ ಪುಟದಲ್ಲಿ ಎರಡೂ ಹೆಸರು ಸಹಜವಾಗಿ ಬರುವಂತೆ ಬರೆದರೆ ಸಾಕು, ಮಹಾಳಿಗೆ ಬೇರೆ ಪುಟ ಬೇಡ.

ಆಮೇಲೆ ಒಟ್ಟು ಮಾಡುವ ಕೆಲಸ. ಒಂದು ಶೀಟ್ ಮಾಡಿದೆ. ಪ್ರಶ್ನೆ ಏನು, ಅದಕ್ಕೆ ಉತ್ತರ ಯಾವ ಪುಟದಲ್ಲಿದೆ, ಆ ಪುಟ ಯಾವ ತಾಯಿಪುಟದ (ಒಂದು ವಿಷಯದ ಮುಖ್ಯ ಪುಟ) ಕೆಳಗೆ ಬರುತ್ತದೆ, ಯಾವ ತಿಂಗಳಲ್ಲಿ ಜನರಿಗೆ ಬೇಕು, ಕೊನೆಯ ಸಲ ತಿದ್ದಿದ್ದು ಯಾವಾಗ. ಒಂದೇ ಪ್ರಶ್ನೆಯ ಮುಂದೆ ಮೂರು ನಾಲ್ಕು ಪುಟ ಬಂದರೆ ಅವು ತಮ್ಮತಮ್ಮಲ್ಲೇ ಕಚ್ಚಾಡುತ್ತಿವೆ ಅಂತ ಅರ್ಥ. ಯಾವುದನ್ನು ಮೇಲೆ ತೋರಿಸಬೇಕು ಅನ್ನೋದು ಗೂಗಲ್‌ಗೂ ಗೊತ್ತಾಗುವುದಿಲ್ಲ. ಕೊಳೆರೋಗದ ಬರಹಗಳಲ್ಲಿ ಹೊರಗಿನಿಂದ ಜಾಸ್ತಿ ಲಿಂಕ್ ಇದ್ದ, ಜಾಸ್ತಿ ಜನ ಬರುತ್ತಿದ್ದ ಒಂದನ್ನು ಉಳಿಸಿಕೊಂಡೆ. ಉಳಿದವುಗಳಲ್ಲಿದ್ದ ಒಳ್ಳೆಯ ಫೋಟೊ, ಒಳ್ಳೆಯ ಪ್ಯಾರಾ ಎಲ್ಲ ಅದಕ್ಕೇ ಸೇರಿಸಿದೆ. ಹಳೆಯ ವಿಳಾಸಗಳಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಿದೆ, ಅಂದರೆ ಹಳೇ ಲಿಂಕ್ ಒತ್ತಿದರೆ ತಾನಾಗಿ ಹೊಸ ಪುಟಕ್ಕೆ ಹೋಗುತ್ತದೆ. ಸುಮ್ನೆ ಡಿಲೀಟ್ ಮಾಡಿದರೆ ಆ ಪುಟ ಗಳಿಸಿದ್ದೆಲ್ಲ ಹೋಗುತ್ತದೆ, ಯಾವುದೋ ವಾಟ್ಸಾಪ್ ಗುಂಪಿನಲ್ಲಿರುವ ಹಳೇ ಲಿಂಕ್ ಒತ್ತಿದವರಿಗೆ ‘ಪುಟ ಇಲ್ಲ’ ಅನ್ನುವ 404 ಸಿಗುತ್ತದೆ.

ಈಗ ಕೊಳೆರೋಗ ಒಂದು ತಾಯಿಪುಟ. ರೋಗದ ಲಕ್ಷಣ, ಯಾವಾಗ ಬರುತ್ತದೆ, ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ಹೊಡೆಸುವುದು, ಇಷ್ಟು ಅಲ್ಲಿದೆ. ಬೋರ್ಡೋ ಕದಡುವ ಕ್ರಮಕ್ಕೆ ಬೇರೆ ಪುಟ. ಅದನ್ನು ಓದುವವನು ಅಂಗಳದಲ್ಲಿ ಡ್ರಮ್ ಇಟ್ಟುಕೊಂಡು ಮೊಬೈಲ್ ಹಿಡಿದಿರುತ್ತಾನೆ. ಅವನಿಗೆ ರೋಗದ ಇತಿಹಾಸ ಬೇಡ. ಅದಕ್ಕೇ ಅಳತೆ ಮೊದಲ ಸಾಲಿನಲ್ಲೇ ಇದೆ: ಶೇಕಡ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಬೇಕು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಮುರುಗ ಮಾಡಬಾರದು. ಕಬ್ಬಿಣದ ಪಾತ್ರೆ ಬೇಡ. ಚಾಕುವನ್ನು ಅದ್ದಿ ನೋಡಿದಾಗ ಕೆಂಪು ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಚಿಕ್ಕಪ್ಪ ಚಾಕು ಅದ್ದಿ ತೆಗೆಯುವ ಫೋಟೊವನ್ನು ನಾನೇ ತೆಗೆದು ಹಾಕಿದೆ. ಕೃಷಿ ಪುಸ್ತಕದಿಂದ ಎತ್ತಿದ ಹತ್ತು ಪ್ಯಾರಾಕ್ಕಿಂತ ಅದು ಹೆಚ್ಚು ಕೆಲಸ ಮಾಡಿತು ಅಂತ ನನ್ನ ನಂಬಿಕೆ. ಗೂಗಲ್ ಕೂಡ 2022ರ ಕೊನೆಗೆ ತನ್ನ ಗುಣಮಟ್ಟದ ಮಾರ್ಗಸೂಚಿಯಲ್ಲಿ ಸ್ವಂತ ಅನುಭವವನ್ನು ಹೆಸರಿಟ್ಟೇ ಸೇರಿಸಿಕೊಂಡಿದೆ.

ತಾಯಿಪುಟದಿಂದ ಮರಿಪುಟಕ್ಕೆ, ಮರಿಪುಟದಿಂದ ತಾಯಿಪುಟಕ್ಕೆ ಲಿಂಕ್ ಇದ್ದೇ ಇರಬೇಕು. ‘ಇಲ್ಲಿ ಕ್ಲಿಕ್ ಮಾಡಿ’ ಅಂತ ಮಾತ್ರ ಬರೆಯಬೇಡಿ. ‘ಬೋರ್ಡೋ ದ್ರಾವಣ ಕದಡುವ ಕ್ರಮ’ ಅಂತ ಬರೆದು ಅದಕ್ಕೇ ಲಿಂಕ್ ಕೊಡಿ. ಓದುವವನಿಗೂ ಗೊತ್ತಾಗುತ್ತದೆ, ಗೂಗಲ್‌ಗೂ ಗೊತ್ತಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಬರುವ ಎರಡು ತಾಪತ್ರಯಗಳನ್ನು ಹೇಳಲೇಬೇಕು. ಚಿಕ್ಕಪ್ಪನ ಹಳೆಯ ಟಿಪ್ಪಣಿಗಳೆಲ್ಲ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿದ್ದವು, ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಾಗೇ ಹಾಕಿದರೆ ಯಾವ ಹುಡುಕಾಟದಲ್ಲೂ ಸಿಗುವುದಿಲ್ಲ. ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ತಪ್ಪಿದ್ದನ್ನು ಕೈಯಲ್ಲೇ ತಿದ್ದಬೇಕಾಯಿತು. ಬೇಜಾರಿನ ಕೆಲಸ, ಆದರೆ ದಾರಿ ಬೇರೆ ಇಲ್ಲ. ಪೋಸ್ಟರ್ ಥರ ಚಿತ್ರದ ಮೇಲೆ ಬರೆದ ಸಲಹೆಗಳನ್ನೂ ಟೈಪ್ ಮಾಡಿಸಿದೆ.

ಇನ್ನೊಂದು, ಪುಟದ ವಿಳಾಸ. ಕನ್ನಡದಲ್ಲೇ ವಿಳಾಸ ಇಟ್ಟರೆ ಗೂಗಲ್‌ಗೆ ತೊಂದರೆ ಇಲ್ಲ. ಆದರೆ ಲಿಂಕ್ ಕಾಪಿ ಮಾಡಿದಾಗ ಒಂದೊಂದು ಕನ್ನಡ ಚಿಹ್ನೆಯೂ ಶೇಕಡಾ ಗುರುತು ಸೇರಿ 9 ಅಕ್ಷರವಾಗುತ್ತದೆ. ‘ಅಡಿಕೆ’ ಅನ್ನುವ ಪದ ಒಂದೇ 45 ಅಕ್ಷರದ ಬಾಲ. ನಮ್ಮ ಓದುಗರು ಲಿಂಕ್ ಹಂಚುವುದು ವಾಟ್ಸಾಪ್‌ನಲ್ಲಿ, ಇಂಥದ್ದನ್ನು ನೋಡಿದರೆ ವೈರಸ್ ಅಂತ ಹೆದರುತ್ತಾರೆ. ಅದಕ್ಕೇ ವಿಳಾಸವನ್ನು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಚಿಕ್ಕದಾಗಿ ಇಟ್ಟೆ, ಅದರಲ್ಲಿ ವರ್ಷ ಹಾಕಲಿಲ್ಲ. ವರ್ಷ ಇದ್ದರೆ ಪ್ರತಿ ಸಲ ಹೊಸ ಪುಟ ಬೇಕಾಗುತ್ತದೆ, ಮತ್ತೆ ಅದೇ ಕಚ್ಚಾಟ.

ಯಾವಾಗ ಹಾಕಬೇಕು ಅನ್ನುವುದಕ್ಕೆ ತೋಟದ ಕೆಲಸವೇ ಕ್ಯಾಲೆಂಡರ್. ಮಳೆ ಬಿದ್ದ ಮೇಲೆ ಕೊಳೆರೋಗದ ಪುಟ ತಿದ್ದಿ ಏನೂ ಪ್ರಯೋಜನ ಇಲ್ಲ. ಬದಲಾವಣೆ ಗೂಗಲ್‌ನಲ್ಲಿ ನೆಲೆಗೊಳ್ಳಲು ವಾರಗಟ್ಟಲೆ ಬೇಕು. ಏಪ್ರಿಲ್‌ನಲ್ಲೇ ತಿದ್ದಿ ಮುಗಿಸುತ್ತೇನೆ. ರಾಶಿ ಬೇಯಿಸುವುದು, ಚೊಗರು (ಅಡಿಕೆ ಬೇಯಿಸಿದ ನೀರಿನ ಬಣ್ಣ), ಒಣಗಿಸುವುದು ಇವೆಲ್ಲ ಕೊಯ್ಲಿಗೆ ಮೊದಲು. ಕಾಳುಮೆಣಸಿನ ಕೊಯ್ಲಿನ ಪುಟ ಡಿಸೆಂಬರ್‌ಗೆ. ನಿಜವಾಗಿ ಏನಾದರೂ ಬದಲಾಯಿಸಿದಾಗ ಮಾತ್ರ ‘ತಿದ್ದಿದ ದಿನ’ ಬದಲಿಸುತ್ತೇನೆ. ತಾರೀಖು ಮಾತ್ರ ಹೊಸದು ಮಾಡುವ ಚಾಳಿ ಕೆಲವರಿಗಿದೆ, ಅದು ಓದುಗನ ಕಣ್ಣಿಗೆ ಮಣ್ಣೆರಚುವ ಕೆಲಸ, ಅಷ್ಟೇ.

ಕೀವರ್ಡ್ ಅಂತ ಪುಟದೊಳಗೆ ಮುಚ್ಚಿಡುವ ಮೆಟಾ ಟ್ಯಾಗನ್ನು ಗೂಗಲ್ ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಅಂತ 2009ರಲ್ಲೇ ಹೇಳಿದೆ. ಈಗಲೂ ಅದರಲ್ಲಿ ಐವತ್ತು ಪದ ತುಂಬಿಸಿ ಎನ್ನುವ ಸಲಹೆ ಓಡಾಡುತ್ತಿದೆ, ಆಶ್ಚರ್ಯ ಅಲ್ವಾ?

ಕೊಳೆರೋಗದ ಪುಟ ಮುಂದಿನ ಮಳೆಗಾಲಕ್ಕೆ ಮೊದಲ ಪುಟಕ್ಕೆ ಬಂತು, ಬೋರ್ಡೋ ಪುಟ ಅದಕ್ಕಿಂತ ಮೊದಲೇ ಬಂದಿತ್ತು. ಎಲೆಚುಕ್ಕಿ ರೋಗದ್ದು ಇನ್ನೂ ಬಂದಿಲ್ಲ. ಅಲ್ಲಿ ಪೈಪೋಟಿ ಜಾಸ್ತಿ, ಅದೂ ಅಲ್ಲದೆ ಔಷಧಿಯ ಶಿಫಾರಸು ಬದಲಾಗುತ್ತಾ ಇದೆ. ಹಾಗಾಗಿ ಆ ಪುಟದಲ್ಲಿ ಔಷಧಿಯ ಭಾಗವನ್ನು ಬೇರೆ ತೆಗೆದು, ತೋಟಗಾರಿಕೆ ಇಲಾಖೆಯ ಮತ್ತು ಸಿಪಿಸಿಆರ್‌ಐನ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಸಲಹೆ ಬಂದಾಗಲೆಲ್ಲ ತಿದ್ದಲು ಬರುವಂತೆ ಮೇಲ್ಗಡೆ ಇಟ್ಟಿದ್ದೇನೆ. ಸೋಗೆಯ ಮೇಲೆ ಚುಕ್ಕಿ ಶುರುವಾಗುವಾಗ ಹೇಗಿರುತ್ತದೆ, ಬಲಿತ ಮೇಲೆ ಹೇಗೆ ಅನ್ನುವ ಫೋಟೊಗಳು ಇನ್ನೂ ಬೇಕು. ಈ ಮಳೆಗಾಲ ಚಿಕ್ಕಪ್ಪನ ಪಕ್ಕದ ತೋಟದಲ್ಲಿ ತೆಗೆಯುವುದು ಅಂತ ಮಾತಾಗಿದೆ.