ಟ್ಯೂಬ್ ಪ್ರೀಆಂಪ್ ಗುಂಯ್‌ಗುಡುತ್ತಿದ್ದರೆ ಮೊದಲು ಪವರ್ ಸಪ್ಲೈ ನೋಡಿ

ಟ್ಯೂಬ್ ಪ್ರೀಆಂಪ್ ಎಂದರೆ ನಿರ್ವಾತ ಟ್ಯೂಬ್‌ಗಳಿಂದ ಸಣ್ಣ ಆಡಿಯೋ ಸಿಗ್ನಲ್ ಹಿಗ್ಗಿಸುವ ಸರ್ಕ್ಯೂಟ್. ಮುಟ್ಟುವ ಮೊದಲು ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರ್ (ಡಿಸಿಯ ಏರಿಳಿತ ಸಮ ಮಾಡುವುದು) ಮೇಲೆ ಮೀಟರ್ ಇಟ್ಟು ನೋಡಿ. ಸ್ವಿಚ್ ಆಫ್ ಆದರೂ 300 ವೋಲ್ಟ್ ಅಲ್ಲೇ ಕೂತಿರಬಹುದು. 47 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ ಅಡ್ಡಲಾಗಿ 220 ಕೆ (ಕಿಲೋಓಮ್), 2 ವ್ಯಾಟ್ ಬ್ಲೀಡರ್ ರೆಸಿಸ್ಟರ್ (ಉಳಿದ ಚಾರ್ಜ್ ಹರಿಸಿಬಿಡುವುದು) ಹಾಕಿದರೆ ಒಂದು ನಿಮಿಷದಲ್ಲಿ ಬಹುಪಾಲು ಇಳಿಯುತ್ತದೆ. ಇದನ್ನು ದಯವಿಟ್ಟು ಬಿಡಬೇಡಿ.

ಗುಂಯ್ ಸದ್ದು 100 ಹರ್ಟ್ಸ್ ಇದ್ದರೆ (ಮೈನ್ಸ್ 50 ಇರುವಲ್ಲಿ) ಫಿಲ್ಟರಿಂಗ್ ಸಾಲದು, ಇಲ್ಲವೇ ಗ್ರೌಂಡ್ ವೈರಿಂಗ್ ತಪ್ಪಿದೆ. 50 ಹರ್ಟ್ಸ್ ಆದರೆ ಹೀಟರ್ (ಟ್ಯೂಬ್ ಒಳಗೆ ಕಾಯುವ ತಂತಿ) ಮೇಲೆ ಅನುಮಾನ ಪಡಿ: ಎರಡೂ ಹೀಟರ್ ತಂತಿಗಳನ್ನು ಬಿಗಿಯಾಗಿ ಹೆಣೆದು, ಪ್ರತಿಯೊಂದರಿಂದ ಗ್ರೌಂಡ್‌ಗೆ 100 ಓಮ್ ಕೊಡಿ. ಟ್ರಾನ್ಸ್‌ಫಾರ್ಮರ್‌ನ ಹೀಟರ್ ಸುರುಳಿಗೆ ಸೆಂಟರ್ ಟ್ಯಾಪ್ (ನಡುವಿನಿಂದ ಹೊರಟು ಗ್ರೌಂಡ್‌ಗೆ ಹೋಗುವ ತಂತಿ) ಇದ್ದರೆ ಇವು ಬೇಡ.

ನನಗೆ ಅತಿ ಉಪಯುಕ್ತ ಅನ್ನಿಸುವ ಅಳತೆ ಡ್ರಾಪಿಂಗ್ ರೆಸಿಸ್ಟರ್‌ನದು (ಒಂದು ಫಿಲ್ಟರ್ ಕೆಪಾಸಿಟರ್‌ನಿಂದ ಮುಂದಿನದಕ್ಕೆ ಹೋಗುವ ದಾರಿಯಲ್ಲಿ ವೋಲ್ಟೇಜ್ ಇಳಿಸುವುದು). ಒಂದು 12ಎಎಕ್ಸ್7 ಟ್ಯೂಬ್‌ನ (ಒಂದೇ ಗಾಜಿನೊಳಗೆ ಎರಡು ಟ್ರಯೋಡ್) ಎರಡೂ ಭಾಗ ಸೇರಿ ಸುಮಾರು 2 ಮಿಲಿಆಂಪ್ ಎಳೆದರೆ 10 ಕೆ ಮೇಲೆ 20 ವೋಲ್ಟ್ ಬೀಳಬೇಕು. 60 ಬಿದ್ದರೆ ಮುಂದಿನ ಕೆಪಾಸಿಟರ್ ಸೋರುತ್ತಿರಬಹುದು; ಟ್ಯೂಬ್ ಕಿತ್ತ ಮೇಲೂ ಇಳಿಯದಿದ್ದರೆ ಅದೇ ಕಳ್ಳ. ಏನೂ ಬೀಳದಿದ್ದರೆ ಟ್ಯೂಬ್‌ಗೆ ಕರೆಂಟೇ ಹೋಗುತ್ತಿಲ್ಲ: ಹೀಟರ್ ಕೆಂಪಗಾಗಿದೆಯೇ, 6.3 ವೋಲ್ಟ್‌ಗೆ 4 ಮತ್ತು 5ನೇ ಪಿನ್ ಜೋಡಿಸಿ 9ನೇ ಪಿನ್‌ಗೆ ಇನ್ನೊಂದು ತಂತಿ ಕೊಟ್ಟಿದ್ದೀರಾ ನೋಡಿ.

ಕೆಪಾಸಿಟರ್ 450 ವೋಲ್ಟ್‌ನದೇ ಇರಲಿ. ಟ್ರಾನ್ಸ್‌ಫಾರ್ಮರ್‌ನ 250 ವೋಲ್ಟ್ ಸೆಕೆಂಡರಿ (ಹೊರಬರುವ ಎಸಿ) ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್) ದಾಟಿದಾಗ, ಟ್ಯೂಬ್ ಬಿಸಿಯಾಗುವ ತನಕ, 350ರ ಮೇಲೇ ನಿಲ್ಲುತ್ತದೆ.