ಮನೆಬಾಗಿಲಿನಲ್ಲಿ ಕೇಳಿದ ಜನಾಭಿಪ್ರಾಯ: ಸಂದರ್ಶಕಿಯಾಗಿ ನನ್ನ ಅನುಭವ

ಜನಾಭಿಪ್ರಾಯ ಸಮೀಕ್ಷೆಯಲ್ಲಿ ಕೆಲಸ ಮಾಡುತ್ತೇನೆಂದು ಹೇಳಿದೊಡನೆ ‘ಈ ಸಲ ಯಾರು ಗೆಲ್ಲುತ್ತಾರೆ’ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಮೊದಲು ಸಂದರ್ಶಕಿಯಾಗಿ, ಆಮೇಲೆ ತಂಡದ ಮೇಲ್ವಿಚಾರಕಿಯಾಗಿ ಕೊಪ್ಪಳ, ರಾಯಚೂರು, ತುಮಕೂರು ಜಿಲ್ಲೆಗಳಲ್ಲೂ ಬೆಂಗಳೂರಿನಲ್ಲೂ ವರ್ಷಗಟ್ಟಲೆ ಮನೆಮನೆ ಸುತ್ತಿರುವ ನನಗೆ ಅದು ಸಮೀಕ್ಷೆಯ ಅತ್ಯಂತ ಚಿಕ್ಕ ಭಾಗವೆಂದು ಅನ್ನಿಸುತ್ತದೆ. ಮತಪ್ರಮಾಣವನ್ನು ಸರಿಯಾಗಿ ಅಂದಾಜು ಮಾಡಿದರೂ ಸ್ಥಾನಗಳ ಲೆಕ್ಕ ತಪ್ಪಬಹುದು. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಸುಮಾರು ಶೇ 38, ಬಿಜೆಪಿ ಸುಮಾರು ಶೇ 36 ಮತ ಪಡೆದಿದ್ದವು. ಆದರೆ 104 ಸ್ಥಾನ ಗೆದ್ದು ಅತಿ ದೊಡ್ಡ ಪಕ್ಷವಾದದ್ದು ಬಿಜೆಪಿ. ಸರ್ಕಾರವನ್ನು ಮತ್ತು ಸುತ್ತಲಿನ ಸಮಾಜವನ್ನು ಜನ ಹೇಗೆ ಕಾಣುತ್ತಾರೆ ಎಂಬುದು ಪ್ರಶ್ನಾವಳಿಯ ಉಳಿದ ಪುಟಗಳಲ್ಲಿರುತ್ತದೆ. ನಾನು ಇಲ್ಲಿ ಬರೆಯುತ್ತಿರುವುದು ಆ ಪುಟಗಳ ಬಗ್ಗೆ.

ಯಾರನ್ನು ಮಾತನಾಡಿಸಬೇಕೆಂದು ನಿರ್ಧರಿಸುವ ಅಧಿಕಾರ ಸಂದರ್ಶಕರಿಗೆ ಇರಬಾರದು. ಮತಗಟ್ಟೆಯೊಂದರ ಮತದಾರರ ಪಟ್ಟಿಯಲ್ಲಿ 1,000 ಹೆಸರುಗಳಿದ್ದು ನಮಗೆ 25 ಜನ ಬೇಕಿದ್ದರೆ, ಲಾಟರಿಯಲ್ಲಿ ಬಂದ ಒಂದು ಸಂಖ್ಯೆಯಿಂದ ಶುರುಮಾಡಿ ಪ್ರತಿ 40ನೆಯ ಹೆಸರನ್ನು ಗುರುತು ಹಾಕಿಕೊಳ್ಳುತ್ತೇವೆ. ಹಾಗೆ ಬಂದ ಹೆಸರು ಊರಾಚೆಯ ತೋಟದ ಮನೆಯದಾಗಿದ್ದರೂ ಅಲ್ಲಿಗೇ ಹೋಗಬೇಕು. ಬಸ್ ನಿಲ್ದಾಣದ ಹೋಟೆಲಿನಲ್ಲಿ ಸಿಗುವವರನ್ನೇ ಕೇಳುತ್ತ ಹೋದರೆ, ಹಗಲು ಹೊತ್ತಿನಲ್ಲಿ ಹೋಟೆಲಿನಲ್ಲಿ ಕೂರಲು ಪುರುಸೊತ್ತಿರುವ ಗಂಡಸರ ಅಭಿಪ್ರಾಯವೇ ಇಡೀ ಊರಿನ ಅಭಿಪ್ರಾಯವಾಗಿಬಿಡುತ್ತದೆ. ಪಟ್ಟಿ ಹಿಡಿದು ಹೊರಟಾಗ ಆ ಊರಿನ ಸ್ಥಿತಿಯೂ ತಿಳಿಯುತ್ತದೆ. ಒಬ್ಬರು ದುಡಿಯಲು ಬೆಂಗಳೂರಿಗೆ ಹೋಗಿರುತ್ತಾರೆ, ಇನ್ನೊಬ್ಬಳು ಮದುವೆಯಾಗಿ ಗಂಡನ ಮನೆಗೆ ಹೋಗಿದ್ದರೂ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಹಾಗೆ ಸಿಗದವರ ಬದಲಿಗೆ ಪಕ್ಕದ ಮನೆಯವರನ್ನು ಕೂರಿಸಿಕೊಳ್ಳದಂತೆ ನನ್ನ ತಂಡಕ್ಕೆ ಕಟ್ಟುನಿಟ್ಟಾಗಿ ಹೇಳಿರುತ್ತೇನೆ.

ಮನೆ ಸಿಕ್ಕ ಮೇಲೆ ಎದುರಾಗುವುದು ಅನುಮಾನ. ‘ಯಾವ ಪಾರ್ಟಿಯವ್ರು ನೀವು?’ ಎಂದು ಕೇಳುವವರಿಗಿಂತ ‘ರೇಷನ್ ಕಾರ್ಡ್ ಕಟ್ ಮಾಡಾಕ ಬಂದೀರೇನ್ರಿ?’ ಎಂದು ಕೇಳುವವರೇ ಹೆಚ್ಚು. ನಮ್ಮನ್ನು ಸರ್ಕಾರದ ಕಡೆಯವರೆಂದು ತಿಳಿದವರು ಸರ್ಕಾರವನ್ನು ಹೊಗಳುತ್ತಾರೆ ಮತ್ತು ತಮ್ಮ ಆದಾಯವನ್ನು ಕಡಿಮೆ ಹೇಳುತ್ತಾರೆ. ಅವರ ಸ್ಥಾನದಲ್ಲಿ ಯಾರಿದ್ದರೂ ಹಾಗೆಯೇ ಮಾಡುತ್ತಾರೆ. ಆದ್ದರಿಂದ ಗುರುತಿನ ಚೀಟಿ ತೋರಿಸಿ, ಈ ಉತ್ತರಗಳಿಗೂ ನಿಮಗೆ ಸಿಗುವ ಯಾವುದೇ ಸೌಲಭ್ಯಕ್ಕೂ ಸಂಬಂಧವಿಲ್ಲ, ನಿಮ್ಮ ಹೆಸರನ್ನು ಎಲ್ಲಿಯೂ ಬಳಸುವುದಿಲ್ಲ ಎಂದು ನಿಧಾನವಾಗಿ ತಿಳಿಸುವುದಕ್ಕೆ ಎಷ್ಟು ಸಮಯ ಬೇಕೋ ಅಷ್ಟನ್ನೂ ಕೊಡುತ್ತೇನೆ. ಮತ ಯಾರಿಗೆ ಹಾಕಿದಿರಿ ಎಂಬ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಚಿಹ್ನೆಗಳಿರುವ ಮಾದರಿ ಮತಪತ್ರವನ್ನು ಅವರ ಕೈಗೆ ಕೊಟ್ಟು, ಗುರುತು ಹಾಕಿ ಮಡಚಿ ಪೆಟ್ಟಿಗೆಗೆ ಹಾಕಲು ಹೇಳಿ, ನಾನು ಆ ಕಡೆ ತಿರುಗಿ ನಿಲ್ಲುತ್ತೇನೆ.

ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪಟ್ಟಿಯ ಪ್ರಕಾರ ಒಬ್ಬ ಗೃಹಿಣಿಯನ್ನು ಮಾತನಾಡಿಸಬೇಕಿತ್ತು. ರಾಜ್ಯ ಸರ್ಕಾರದ ಕೆಲಸ ನಿಮಗೆ ತೃಪ್ತಿ ತಂದಿದೆಯೇ ಎಂದು ಕೇಳಿದಾಗ, ‘ನಮಗೇನ್ ತಿಳಿತೈತ್ರಿ ಅಕ್ಕಾರ, ನಮ್ಮ ಮನಿಯವ್ರನ್ನ ಕೇಳ್ರಿ’ ಎಂದರು. ಕಟ್ಟೆಯ ಮೇಲೆ ಕುಳಿತಿದ್ದ ಪತಿ ಕೇಳುವ ಮೊದಲೇ ‘ಎಲ್ಲಾ ಚಲೋ ಐತ್ರಿ, ಹಂಗ ಬರ್ಕೋರಿ’ ಎಂದರು. ನಾನು ಅದನ್ನು ಬರೆದುಕೊಳ್ಳದೆ, ನೀರು ಕೇಳುವ ನೆಪದಲ್ಲಿ ಆಕೆಯೊಂದಿಗೆ ಒಳಗೆ ಹೋಗಿ ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು ಮುಂದಿನ ಪ್ರಶ್ನೆಗಳನ್ನು ಕೇಳಿದೆ. ಕಳೆದ ಒಂದು ವರ್ಷದಲ್ಲಿ ಯಾವುದಾದರೂ ಕೆಲಸಕ್ಕೆ ಸರ್ಕಾರಿ ಕಚೇರಿಗೆ ಹೋಗಿದ್ದಿರಾ ಎಂದಾಗ ಆಕೆಯ ದನಿಯೇ ಬದಲಾಯಿತು. ಉದ್ಯೋಗ ಖಾತ್ರಿ ಕೆಲಸ ಕೇಳುವ ಅರ್ಜಿಯಾದ ನಮೂನೆ 6 ಕೊಟ್ಟದ್ದು, ಸ್ವೀಕೃತಿ ಕೇಳಿದರೆ ನಾಳೆ ಬಾ ಎಂದದ್ದು, 15 ದಿನ ಕಳೆದರೂ ಕೆಲಸ ಸಿಗದಿದ್ದದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದೆಯೇ ಎಂದು ಕೇಳಿದ್ದಕ್ಕೆ ಹೌದೆಂದು ತಲೆಯಾಡಿಸಿ, ‘ರೊಕ್ಕಾ ಹಾಕೋ ಸರ್ಕಾರ ಬ್ಯಾರೆ, ಕೆಲಸ ಕೊಡೋ ಪಂಚಾಯ್ತಿ ಬ್ಯಾರೆ ರೀ’ ಎಂದರು.

ಆ ಒಂದು ಮಾತಿನಲ್ಲಿದ್ದ ವಿವೇಚನೆ ನಮ್ಮ ತೃಪ್ತಿಯ ಪ್ರಶ್ನೆಯಲ್ಲಿ ಇರಲಿಲ್ಲ. ಜನರ ಪಾಲಿಗೆ ಸರ್ಕಾರ ಒಂದಲ್ಲ. ಬ್ಯಾಂಕ್ ಖಾತೆಗೆ ಹಣ ಹಾಕುವ ಸರ್ಕಾರ, ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದುಪಡಿಗೆ ಅಲೆಸುವ ಸರ್ಕಾರ, ಠಾಣೆಯಲ್ಲಿ ದೂರು ಬರೆದುಕೊಳ್ಳಲು ಹಿಂಜರಿಯುವ ಸರ್ಕಾರ ಇವುಗಳಿಗೆ ಅವರು ಬೇರೆ ಬೇರೆ ಅಂಕ ಕೊಡುತ್ತಾರೆ. ದೇಶದ ಮಟ್ಟದ ಸಮೀಕ್ಷೆಗಳಲ್ಲಿಯೂ ಇದೇ ಕಾಣುತ್ತದೆ. ಜನಾಭಿಪ್ರಾಯ ಸಮೀಕ್ಷೆಗಳನ್ನು ನಡೆಸುವ ದೆಹಲಿಯ ಲೋಕನೀತಿ–ಸಿಎಸ್‌ಡಿಎಸ್ ಸಂಶೋಧನಾ ಸಂಸ್ಥೆಯ ಅಧ್ಯಯನಗಳಲ್ಲಿ ಸೇನೆಯ ಮೇಲಿನ ವಿಶ್ವಾಸ ಎಲ್ಲಕ್ಕಿಂತ ಮೇಲಿರುತ್ತದೆ, ರಾಜಕೀಯ ಪಕ್ಷಗಳು ಮತ್ತು ಪೊಲೀಸರು ಕೆಳಗಿನ ಸಾಲಿನಲ್ಲಿರುತ್ತಾರೆ. ಜನ ಪಕ್ಷಗಳನ್ನು ನಂಬದಿದ್ದ ಮಾತ್ರಕ್ಕೆ ಪ್ರಜಾಪ್ರಭುತ್ವವನ್ನು ಕೈಬಿಟ್ಟಿದ್ದಾರೆಂದು ತೀರ್ಮಾನಿಸುವವರನ್ನು ನಾನು ಒಪ್ಪುವುದಿಲ್ಲ. ‘ನಿಮ್ಮ ಮತದಿಂದ ದೇಶ ನಡೆಯುವ ರೀತಿಯಲ್ಲಿ ಏನಾದರೂ ಪರಿಣಾಮ ಆಗುತ್ತದೆಯೇ’ ಎಂಬ ಪ್ರಶ್ನೆಗೆ 1971ರಲ್ಲಿ ಹೌದು ಎಂದವರು ಅರ್ಧಕ್ಕಿಂತ ಕಡಿಮೆ ಇದ್ದರು. 1996ರ ಹೊತ್ತಿಗೆ ಅವರ ಪ್ರಮಾಣ ಅರ್ಧವನ್ನು ದಾಟಿತ್ತು. ಪಕ್ಷಗಳ ಮೇಲೆ ಸಿಟ್ಟು, ಮತದ ಮೇಲೆ ಭರವಸೆ, ಎರಡೂ ಒಬ್ಬರಲ್ಲೇ ಇರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಸಮಾಜದ ಬಗೆಗಿನ ಪ್ರಶ್ನೆಗಳು ಇನ್ನೂ ಕಷ್ಟ. ಜಾತಿಭೇದ ತಪ್ಪೇ ಎಂದು ಕೇಳಿದರೆ ತಪ್ಪೆಂದು ಹೇಳಬೇಕೆಂಬುದು ಎಲ್ಲರಿಗೂ ಗೊತ್ತಿದೆ. ಆದ್ದರಿಂದ ನಂಬಿಕೆಯನ್ನು ಬಿಟ್ಟು ನಡವಳಿಕೆಯನ್ನು ಕೇಳಬೇಕಾಗುತ್ತದೆ. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯು ಸುಮಾರು 42,000 ಕುಟುಂಬಗಳನ್ನು ಮಾತನಾಡಿಸಿದಾಗ ಮೊದಲು ನಿಮ್ಮ ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರೆಯೇ ಎಂದು ಕೇಳಿತು. ಇಲ್ಲ ಎಂದವರನ್ನು, ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ ಅಥವಾ ನಿಮ್ಮ ಪಾತ್ರೆ ಬಳಸಿದರೆ ಅಭ್ಯಂತರವಿಲ್ಲವೇ ಎಂದು ಮತ್ತೊಮ್ಮೆ ಕೇಳಿತು. ಮೊದಲು ಇಲ್ಲ ಎಂದಿದ್ದವರಲ್ಲಿ ಕೆಲವರು ಎರಡನೆಯ ಪ್ರಶ್ನೆಗೆ ಅಭ್ಯಂತರವಿದೆ ಎಂದರು. ಎರಡೂ ಸೇರಿ ಸುಮಾರು ಶೇ 27ರಷ್ಟು ಕುಟುಂಬಗಳು ಯಾವುದೋ ರೂಪದಲ್ಲಿ ಅಸ್ಪೃಶ್ಯತೆಯನ್ನು ಒಪ್ಪಿಕೊಂಡವು. ಬಾಯಿಬಿಟ್ಟು ಒಪ್ಪಿಕೊಂಡವರ ಲೆಕ್ಕವೇ ಇಷ್ಟಿರುವಾಗ ನಿಜವಾದ ಪ್ರಮಾಣ ಇದಕ್ಕಿಂತ ಹೆಚ್ಚೇ ಇರಬೇಕೆಂದು ನನ್ನ ಅನುಭವ ಹೇಳುತ್ತದೆ. ಅಡುಗೆಮನೆಯ ಪ್ರಶ್ನೆ ಕೇಳುವಾಗ ನಾನು ಹಾಳೆಯಿಂದ ಕಣ್ಣೆತ್ತುವುದಿಲ್ಲ. ಕೇಳುವವಳ ಮುಖದಲ್ಲಿ ಒಪ್ಪಿಗೆ ಕಂಡರೂ ಬೇಸರ ಕಂಡರೂ ಉತ್ತರ ಆ ಕಡೆಗೆ ವಾಲುತ್ತದೆ.

ಹಳ್ಳಿಗಳಲ್ಲಿ ಅನುಮಾನಪಟ್ಟರೂ ಕೊನೆಗೆ ಚಾಪೆ ಹಾಸುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಗೇಟಿನ ಸೆಕ್ಯೂರಿಟಿಯವರು ಇಂಟರ್‌ಕಾಮ್‌ನಲ್ಲಿ ಕೇಳಿ ಬೇಡವಂತೆ ಎಂದು ಕಳುಹಿಸಿಬಿಡುತ್ತಾರೆ. ನಾವು ಮಾತನಾಡಿಸಿದವರಲ್ಲಿ ಅಲ್ಲಿನವರ ಪಾಲು ಕಡಿಮೆಯಾದಾಗ, ಸಿಕ್ಕ ಕೆಲವರ ಉತ್ತರಗಳಿಗೆ ಜನಗಣತಿಯ ಪ್ರಮಾಣಕ್ಕೆ ತಕ್ಕಂತೆ ಹೆಚ್ಚು ತೂಕ ಕೊಟ್ಟು ಸರಿದೂಗಿಸುವ ಕ್ರಮವಿದೆ. ಅದು ಅನಿವಾರ್ಯ, ಆದರೆ ಬಾಗಿಲು ತೆರೆದ ಕೆಲವರು ತೆರೆಯದ ಎಲ್ಲರ ಹಾಗೆಯೇ ಯೋಚಿಸುತ್ತಾರೆ ಎಂಬ ಊಹೆಯ ಮೇಲೆ ಅದು ನಿಂತಿದೆ.

ಕೊನೆಯ ಕೋಷ್ಟಕ ಸಿದ್ಧವಾಗುವಾಗ ನಾನು ಹಟ ಹಿಡಿಯುವ ವಿಷಯ ಒಂದೇ: ‘ಹೇಳಲಾರೆ’ ಎಂದವರನ್ನು ಲೆಕ್ಕದಿಂದ ಬಿಡಬಾರದು. 100 ಜನರಲ್ಲಿ 48 ಜನ ತೃಪ್ತರು, 32 ಜನ ಅತೃಪ್ತರು, 20 ಜನ ‘ಹೇಳಲಾರೆ’ ಎಂದಿದ್ದಾರೆಂದು ಇಟ್ಟುಕೊಳ್ಳೋಣ. ಆ 20 ಜನರನ್ನು ಲೆಕ್ಕದಿಂದ ತೆಗೆದರೆ ತೃಪ್ತರ ಪ್ರಮಾಣ ಶೇ 60 ಆಗುತ್ತದೆ, ಪತ್ರಿಕೆಗೆ ಒಳ್ಳೆಯ ತಲೆಬರಹವೂ ಸಿಗುತ್ತದೆ. ಆದರೆ ನಾನು ನೋಡಿದ ಊರುಗಳಲ್ಲಿ ‘ಹೇಳಲಾರೆ’ ಎಂಬ ಸಾಲಿನಲ್ಲಿ ಇರುವವರು ಹೆಚ್ಚಾಗಿ ಹೆಂಗಸರು, ಓದುಬರಹ ಕಲಿಯದವರು, ಊರಿನ ಕೊನೆಯ ಕೇರಿಯವರು. ಅದಕ್ಕಾಗಿಯೇ ಪ್ರಶ್ನೆ ಅರ್ಥವಾಗದವರನ್ನು, ಅಭಿಪ್ರಾಯವಿಲ್ಲದವರನ್ನು, ಅಭಿಪ್ರಾಯವಿದ್ದೂ ಹೇಳಲು ಹೆದರಿದವರನ್ನು ನಮ್ಮ ತಂಡ ಈಗ ಮೂರು ಪ್ರತ್ಯೇಕ ಸಂಕೇತ ಸಂಖ್ಯೆಗಳಲ್ಲಿ ದಾಖಲಿಸುತ್ತದೆ, ಮತ್ತು ಸಂದರ್ಶನದ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಿದ್ದರು ಎಂಬುದನ್ನೂ ಅದರ ಮುಂದೆಯೇ ಬರೆದುಕೊಳ್ಳುತ್ತದೆ.