ಮೊದಲು ಸೈಕಲ್‌ಗೆ ಜಾಗ, ಆಮೇಲೆ ನಿಮಗೆ ಸೀಟು

ಸೈಕಲ್ ಪ್ರವಾಸದಲ್ಲಿ ಜಾಸ್ತಿ ಬೆವರುವುದು ಏರು ಹತ್ತುವಾಗ ಅಂತ ನಾನೂ ಅಂದುಕೊಂಡಿದ್ದೆ. ಸೈಕಲ್ ಜೊತೆ ಮೊದಲ ಸಲ ರೈಲು ಹತ್ತಿದ ದಿನ ನಿಜ ಗೊತ್ತಾಯಿತು. ರೈಲು ಬಂದು ನಿಂತಿದೆ. ಸೈಕಲ್ ಇಡುವ ಬೋಗಿ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿದೆ. ನಾನು ಈ ತುದಿಯಿಂದ, ನಾಲ್ಕು ಚೀಲ ನೇತುಹಾಕಿದ ಸೈಕಲ್ ತಳ್ಳಿಕೊಂಡು ಓಡುತ್ತಿದ್ದೇನೆ. ಆ ಓಟ ನಿಮಗೆ ಬೇಡ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಇಷ್ಟೆಲ್ಲ ತಾಪತ್ರಯ ಯಾಕೆ ಅಂತೀರಾ? ರೈಲಿದ್ದರೆ ಹೊರಟ ಜಾಗಕ್ಕೇ ತುಳಿದುಕೊಂಡು ವಾಪಸ್ ಬರಬೇಕಿಲ್ಲ. ಒಂದು ಊರಲ್ಲಿ ಇಳಿದು ಇನ್ನೊಂದು ಊರಲ್ಲಿ ಹತ್ತಬಹುದು. ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಜರ್ಮನಿಯ ಪಾಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಹೋಗುವ ಸೈಕಲ್ ದಾರಿ 300 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಹೆಚ್ಚಿನವರು ನದಿ ಹರಿಯುವ ಕಡೆಗೇ ತುಳಿಯುತ್ತಾರೆ, ವಾಪಸ್ ಬರಲು ರೈಲು ಇದೆ. ಜಪಾನಿನ ಶಿಮನಾಮಿ ಕೈದೊ ದ್ವೀಪದಿಂದ ದ್ವೀಪಕ್ಕೆ ಸೇತುವೆ ದಾಟುತ್ತಾ ಹೋಗುವ ಸುಮಾರು 70 ಕಿ.ಮೀ. ದಾರಿ. ಅದರ ಎರಡೂ ತುದಿಯ ಊರುಗಳಲ್ಲಿ, ಒನೊಮಿಚಿ ಮತ್ತು ಇಮಬಾರಿಯಲ್ಲಿ, ರೈಲು ನಿಲ್ದಾಣವಿದೆ. ನಿಮ್ಮ ದಾರಿ ಆರಿಸುವಾಗಲೂ ಇದೇ ಲೆಕ್ಕ ಹಾಕಿ. ಇಳಿಜಾರು ಯಾವ ಕಡೆಗೆ? ಆ ತಿಂಗಳಲ್ಲಿ ಗಾಳಿ ಯಾವ ಕಡೆಯಿಂದ? ಕಷ್ಟದ ದಿಕ್ಕನ್ನು ರೈಲಿಗೆ ಬಿಡಿ.

ಸೈಕಲ್ ಹೋಗುವ ಮೂರು ಬಗೆ

ನಿಯಮಗಳು ದೇಶದಿಂದ ದೇಶಕ್ಕೆ, ಕೆಲವು ಸಲ ಒಂದೇ ಕಂಪನಿಯ ರೈಲಿನಿಂದ ರೈಲಿಗೆ ಬದಲಾಗುತ್ತವೆ. ಆದರೆ ಬಗೆ ಮಾತ್ರ ಮೂರೇ.

ಮೊದಲನೆಯದು, ಸೈಕಲ್ ಇದ್ದ ಹಾಗೇ ಹತ್ತುವುದು. ಬೋಗಿಯೊಳಗೆ ಸ್ಟ್ಯಾಂಡ್ ಇರುತ್ತದೆ, ಇಲ್ಲವೇ ಮುಂದಿನ ಚಕ್ರ ಸಿಕ್ಕಿಸಿ ನೇತುಹಾಕುವ ಕೊಕ್ಕೆ ಇರುತ್ತದೆ. ಕೊಕ್ಕೆಯಾದರೆ ಒಂದು ಎಚ್ಚರಿಕೆ: ದಪ್ಪ ಟೈರು, ಉದ್ದ ಮಡ್‌ಗಾರ್ಡ್ ಇರುವ ಸೈಕಲ್ ಅದಕ್ಕೆ ಕೂರದೇ ಹೋಗಬಹುದು. ಬ್ಯಾಟರಿ ಸೈಕಲ್ 20–25 ಕೆ.ಜಿ. ತೂಗುತ್ತದೆ, ಅದನ್ನು ತಲೆಯ ಮಟ್ಟಕ್ಕೆ ಎತ್ತುವುದು ಹುಡುಗಾಟವಲ್ಲ. ಬ್ಯಾಟರಿ ತೆಗೆದು ಎತ್ತಿ. ಇಬ್ಬರು ತುಳಿಯುವ ಟ್ಯಾಂಡೆಮ್, ಮೂರು ಚಕ್ರದ ಸೈಕಲ್, ಹಿಂದೆ ಎಳೆಯುವ ಟ್ರೇಲರ್, ಇವನ್ನೆಲ್ಲ ಎಷ್ಟೋ ರೈಲುಗಳಲ್ಲಿ ಬಿಡುವುದಿಲ್ಲ.

ಎರಡನೆಯದು, ಬಿಚ್ಚಿ ಚೀಲಕ್ಕೆ ಹಾಕಿ ಲಗೇಜಿನಂತೆ ಒಯ್ಯುವುದು. ಜಪಾನಿನಲ್ಲಿ ಇದಕ್ಕೆ ರಿಂಕೊ ಅನ್ನುತ್ತಾರೆ. ಅಲ್ಲಿನ ಜೆಆರ್ (ಜಪಾನ್ ರೈಲ್ವೆ) ಕಂಪನಿಗಳ ರೈಲುಗಳಲ್ಲಿ ಸೈಕಲ್ ಪೂರ್ತಿ ಚೀಲದೊಳಗೆ ಇರಬೇಕು, ಸೀಟು ಕೂಡ ಹೊರಗೆ ಇಣುಕಬಾರದು. ಉದ್ದ, ಅಗಲ, ಎತ್ತರ ಕೂಡಿದರೆ 250 ಸೆಂ.ಮೀ. ಮೀರಬಾರದು, ತೂಕ 30 ಕೆ.ಜಿ. ದಾಟಬಾರದು. ಫ್ರಾನ್ಸಿನ ಅತಿವೇಗದ ಟಿಜಿವಿ ರೈಲಿನಲ್ಲಿ ಚೀಲದ ಮಿತಿ 130 ಸೆಂ.ಮೀ. ಉದ್ದ, 90 ಸೆಂ.ಮೀ. ಅಗಲ. ಮಡಚುವ ಸೈಕಲ್ ಇದ್ದವರಿಗೆ ಅಳತೆಯ ಚಿಂತೆ ಕಡಿಮೆ, ಆದರೆ ಜಪಾನಿನಲ್ಲಿ ಅದೂ ಚೀಲದೊಳಗೇ ಇರಬೇಕು.

ಮೂರನೆಯದು, ಸೈಕಲನ್ನು ರೈಲಿನವರ ಕೈಗೆ ಒಪ್ಪಿಸುವುದು. ಅದು ಲಗೇಜ್ ಬೋಗಿಯಲ್ಲಿ ಹೋಗುತ್ತದೆ, ನೀವು ನಿಮ್ಮ ಬೋಗಿಯಲ್ಲಿ. ಭಾರತದ ದೂರದ ರೈಲುಗಳ ಬ್ರೇಕ್ ವ್ಯಾನ್ ಪದ್ಧತಿ ಇದೇ. ಇಲ್ಲಿ ಒಂದು ಪದ ತಪ್ಪಿದರೆ ಪ್ರವಾಸವೇ ಕೆಡುತ್ತದೆ. ನಿಮ್ಮ ಟಿಕೆಟ್ ತೋರಿಸಿ 'ಲಗೇಜ್' ಅಂತ ಬುಕ್ ಮಾಡಿದರೆ ಸೈಕಲ್ ನಿಮ್ಮದೇ ರೈಲಿಗೆ. 'ಪಾರ್ಸೆಲ್' ಅಂತ ಮಾಡಿದರೆ ಬೇರೆ ರೈಲಿನಲ್ಲಿ, ಬೇರೆ ದಿನ ಬರಬಹುದು. ಹಾಗೆಯೇ, ರೈಲು ಒಂದೆರಡು ನಿಮಿಷ ಮಾತ್ರ ನಿಲ್ಲುವ ಚಿಕ್ಕ ನಿಲ್ದಾಣಕ್ಕೆ ಈ ಬಗೆ ನಂಬಬೇಡಿ. ದೊಡ್ಡ ನಿಲ್ದಾಣದಲ್ಲಿ ಇಳಿದು ಅಷ್ಟು ದೂರ ತುಳಿದುಕೊಂಡು ಹೋಗುವುದೇ ವಾಸಿ.

ಬುಕಿಂಗ್: ಇಲ್ಲೇ ಅರ್ಧ ಕೆಲಸ

ಹೆಚ್ಚಿನವರು ತಮ್ಮ ಟಿಕೆಟ್ ಮಾಡಿಸಿ, ರಜೆ ಹಾಕಿ, ಹೋಟೆಲ್ ಬುಕ್ ಮಾಡಿ, ಕೊನೆಗೆ ಸೈಕಲ್ ಬಗ್ಗೆ ವಿಚಾರಿಸುತ್ತಾರೆ. ಉಲ್ಟಾ ಮಾಡಿ. ನೂರಾರು ಸೀಟು ಇರುವ ರೈಲಿನಲ್ಲಿ ಸೈಕಲ್‌ಗೆ ಜಾಗ ಬೆರಳೆಣಿಕೆಯಷ್ಟು. ಜರ್ಮನಿಯ ಅತಿವೇಗದ ಐಸಿಇ 4 ರೈಲಿನಲ್ಲಿ ಎಂಟು. ಯುರೋಪಿಯನ್ ಒಕ್ಕೂಟ 2021ರಲ್ಲಿ ಮಾಡಿದ ನಿಯಮವೂ ಹೊಸ ರೈಲುಗಳಿಗೆ ಕೇಳುವುದು ಕನಿಷ್ಠ ನಾಲ್ಕು ಸೈಕಲ್‌ನ ಜಾಗವನ್ನು ಮಾತ್ರ. ನಾಲ್ವರು ಗೆಳೆಯರು ಸೇರಿ ಹೊರಟರೆ ಒಂದು ರೈಲು ತುಂಬಿಹೋಗಬಹುದು! ದೊಡ್ಡ ಗುಂಪಾದರೆ ಮೊದಲೇ ಇಬ್ಬಿಬ್ಬರಾಗಿ ಬೇರೆ ಬೇರೆ ರೈಲಿಗೆ ಹಂಚಿಕೊಳ್ಳಿ.

ಸೈಕಲ್‌ಗೆ ಟಿಕೆಟ್ ಬೇರೆ, ಜಾಗ ಕಾಯ್ದಿರಿಸುವುದು ಬೇರೆ ಅನ್ನುವುದೂ ನೆನಪಿರಲಿ. ಕೆಲವೆಡೆ ಎರಡೂ ಬೇಕು. ಕೆಲವೆಡೆ ಕಾಲಕ್ಕೆ ತಕ್ಕಂತೆ ನಿಯಮ. ಸ್ವಿಟ್ಜರ್‌ಲೆಂಡಿನ ಇಂಟರ್‌ಸಿಟಿ ರೈಲುಗಳಲ್ಲಿ ಮಾರ್ಚ್ 21ರಿಂದ ಅಕ್ಟೋಬರ್ 31ರವರೆಗೆ ಸೈಕಲ್‌ಗೆ ಜಾಗ ಕಾಯ್ದಿರಿಸುವುದು ಕಡ್ಡಾಯ.

ರೈಲು ಬದಲಾಯಿಸುವುದು ಆದಷ್ಟು ಕಡಿಮೆ ಇರಲಿ. ಟಿಕೆಟ್ ಆ್ಯಪ್ ತೋರಿಸುವ ಎಂಟು ನಿಮಿಷದ ಅಂತರ ಕೈಚೀಲ ಹಿಡಿದವರ ಲೆಕ್ಕ. ಸೈಕಲ್ ಇದ್ದವರಿಗೆ ಲಿಫ್ಟ್ ಹುಡುಕಬೇಕು, ಇಲ್ಲದಿದ್ದರೆ ಮೆಟ್ಟಿಲು ಹತ್ತಿ ಇಳಿಯಬೇಕು. ನಾನು ಅರ್ಧ ಗಂಟೆಗಿಂತ ಕಡಿಮೆ ಇಟ್ಟುಕೊಳ್ಳುವುದಿಲ್ಲ. ಹಳಿ ದುರಸ್ತಿ ನಡೆಯುತ್ತಿದೆಯಾ ಅಂತಲೂ ಹೊರಡುವ ಮುಂಚೆ ನೋಡಿ. ರೈಲಿನ ಬದಲು ಬಸ್ ಬಿಟ್ಟರೆ ನಿಮ್ಮನ್ನು ಹತ್ತಿಸಿಕೊಳ್ಳುತ್ತಾರೆ, ಸೈಕಲನ್ನು ಬಹುಪಾಲು ಇಲ್ಲ.

ಬಿಚ್ಚುವುದು, ಕಟ್ಟುವುದು

ಚೀಲಕ್ಕೆ ಹಾಕುವವರು ಇದನ್ನು ಮನೆಯಲ್ಲೇ ಎರಡು ಸಲ ಮಾಡಿ ನೋಡಿ. ಮೊದಲ ಸಲ ಒಂದು ಗಂಟೆ ಹಿಡಿಯುತ್ತದೆ. ಕೈ ಪಳಗಿದರೆ ಹದಿನೈದು ನಿಮಿಷ. 4, 5, 6 ಮಿ.ಮೀ. ಅಲೆನ್ ಕೀ, 15 ಮಿ.ಮೀ. ಪೆಡಲ್ ಸ್ಪ್ಯಾನರ್, ಹಳೇ ಬಟ್ಟೆ, ಬಿಗಿಯುವ ನಾಲ್ಕು ಪಟ್ಟಿ ಇದ್ದರೆ ಸಾಕು.

ಮೊದಲು ಚೈನನ್ನು ಹಿಂದುಗಡೆಯ ಅತಿ ದೊಡ್ಡ ಹಲ್ಲುಗಾಲಿಗೆ ತನ್ನಿ. ಆಗ ಡಿರೇಲರ್, ಅಂದರೆ ಗೇರ್ ಬದಲಿಸುವಾಗ ಚೈನನ್ನು ಸರಿಸುವ ಭಾಗ, ಸ್ವಲ್ಪ ಒಳಕ್ಕೆ ಸರಿಯುತ್ತದೆ. ಸೀಟಿನ ಕಂಬಿಗೆ ಟೇಪ್ ಸುತ್ತಿ ಎತ್ತರ ಗುರುತು ಮಾಡಿ, ಆಮೇಲೆ ಇಳಿಸಿ. ಗುರುತು ಮಾಡದಿದ್ದರೆ ಪ್ರವಾಸ ಪೂರ್ತಿ 'ಯಾಕೋ ಮಂಡಿ ನೋಯುತ್ತಿದೆ' ಅಂತ ಹೇಳಿಕೊಂಡೇ ತಿರುಗುತ್ತೀರಿ.

ಇನ್ನು ಪೆಡಲ್. ಬಲಗಡೆಯದು ಮಾಮೂಲಿ, ಎಡಗಡೆಯ ಪೆಡಲಿನ ಥ್ರೆಡ್ ಉಲ್ಟಾ. ಇದು ಗೊತ್ತಿಲ್ಲದೆ ನಾನು ಒಂದು ಪ್ಲಾಟ್‌ಫಾರ್ಮಿನಲ್ಲಿ ಎಡ ಪೆಡಲನ್ನು ಬಿಚ್ಚುತ್ತಿದ್ದೇನೆ ಅಂದುಕೊಂಡು, ಮೈಬಲ ಹಾಕಿ ಇನ್ನಷ್ಟು ಬಿಗಿ ಮಾಡಿದೆ. ನೆನಪಿಡಲು ಸುಲಭದ ದಾರಿ ಇದೆ. ಸ್ಪ್ಯಾನರ್ ಮೇಲ್ಮುಖವಾಗಿ ನಿಲ್ಲುವಂತೆ ಸಿಕ್ಕಿಸಿ, ಹಿಂದಿನ ಚಕ್ರದ ಕಡೆಗೆ ಎಳೆಯಿರಿ. ಎರಡೂ ಪೆಡಲ್ ಹೀಗೇ ಬಿಚ್ಚಿಕೊಳ್ಳುತ್ತವೆ.

ಚಕ್ರ ತೆಗೆದ ಮೇಲೆ, ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡುಗಳ ನಡುವೆ ಮಡಚಿದ ರಟ್ಟು ಸಿಕ್ಕಿಸಿ. ಡಿಸ್ಕ್ ಇಲ್ಲದಾಗ ಯಾರಾದರೂ ಬ್ರೇಕ್ ಒತ್ತಿದರೆ ಎರಡೂ ಪ್ಯಾಡ್ ಹತ್ತಿರ ಬಂದು ನಿಂತುಬಿಡುತ್ತವೆ. ಆಮೇಲೆ ಚಕ್ರ ಒಳಗೆ ಹೋಗುವುದೇ ಇಲ್ಲ. ಮುಂದಿನ ಚಕ್ರ ಹಿಡಿಯುವ ಕವಲಿನ (ಫೋರ್ಕ್) ಖಾಲಿ ತುದಿಗಳ ನಡುವೆ ಪ್ಲಾಸ್ಟಿಕ್ ಅಡ್ಡಪಟ್ಟಿ ಕೊಡಿ. ಹೊಸ ಸೈಕಲ್‌ಗಳು ಪೆಟ್ಟಿಗೆಯಲ್ಲಿ ಬರುವಾಗ ಇದು ಜೊತೆಗೇ ಬಂದಿರುತ್ತದೆ, ಸೈಕಲ್ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಟ್ಟುಬಿಡಬಹುದು.

ಎಲ್ಲಕ್ಕಿಂತ ನಾಜೂಕಾದದ್ದು ಡಿರೇಲರ್ ನೇತಾಡುವ ಹ್ಯಾಂಗರ್. ಬೇಕೆಂದೇ ಮೆತ್ತಗಿನ ಅಲ್ಯೂಮಿನಿಯಮ್‌ನಲ್ಲಿ ಮಾಡಿರುತ್ತಾರೆ. ಏಟು ಬಿದ್ದರೆ ಫ್ರೇಮು ಉಳಿಯಲಿ, ಇದು ಬಾಗಲಿ ಅಂತ. ಡಿರೇಲರನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಫ್ರೇಮಿನ ಒಳಗಡೆಗೆ ಕಟ್ಟಿ. ನಿಮ್ಮ ಸೈಕಲ್‌ನ ಮಾದರಿಗೆ ಹೊಂದುವ ಹ್ಯಾಂಗರ್ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಪ್ರತಿ ಮಾದರಿಗೂ ಬೇರೆ ಆಕಾರ ಇರುವುದರಿಂದ ದಾರಿಯಲ್ಲಿ ಸಿಗುವುದು ಕಷ್ಟ. ಟೈರಿನ ಗಾಳಿ ಬಿಡಬೇಕಿಲ್ಲ. ಅದು ವಿಮಾನದವರ ತಲೆನೋವು.

ಲಗೇಜ್ ಬೋಗಿಗೆ ಕೊಡುವವರು ಇಷ್ಟೆಲ್ಲ ಬಿಚ್ಚುವುದು ಬೇಡ. ಹ್ಯಾಂಡಲ್ ತಿರುಗಿಸಿ, ಗೇರಿನ ಕಡೆಗೆ ರಟ್ಟು ಕಟ್ಟಿ. ಲೈಟು, ಬಾಟಲಿ, ಪಂಪು ಎಲ್ಲ ತೆಗೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಹೆಸರು, ಫೋನ್ ನಂಬರ್, ಹತ್ತುವ ಮತ್ತು ಇಳಿಯುವ ನಿಲ್ದಾಣ ಎರಡು ಕಡೆ ದಪ್ಪ ಅಕ್ಷರದಲ್ಲಿ ಬರೆದು ಕಟ್ಟಿ. ಕೊಡುವ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ, ಫ್ರೇಮಿನ ನಂಬರ್ ಸಮೇತ. ರಸೀದಿ ಜೋಪಾನ.

ಹತ್ತುವ ದಿನ

ಸೈಕಲ್ ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲಿ ನೋಡಿ, ಇಲ್ಲವೇ ಸಿಬ್ಬಂದಿಯನ್ನು ಕೇಳಿ ಅಲ್ಲೇ ಹೋಗಿ ನಿಲ್ಲಿ. ಹ್ಯಾಂಡಲ್ ಚೀಲ, ಕ್ಯಾರಿಯರ್ ಚೀಲಗಳನ್ನು ರೈಲು ಬರುವ ಮುಂಚೆಯೇ ಬಿಚ್ಚಿ. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಳ್ಳಿ. ಒಬ್ಬರೇ ಇದ್ದರೆ ಸೈಕಲ್ ಹಿಡಿಯಲು ಎರಡೂ ಕೈ ಬೇಕು. ಇಳಿಯುವವರು ಇಳಿಯಲಿ, ಆಮೇಲೆ ಹತ್ತಿ.

ಒಳಗೆ ಬೇರೆ ಸೈಕಲ್ ಇದ್ದರೆ, 'ನೀವು ಎಲ್ಲಿ ಇಳಿಯುತ್ತೀರಿ?' ಅಂತ ಕೇಳಿ. ಮೊದಲು ಇಳಿಯುವವರ ಸೈಕಲ್ ಹೊರಗಡೆ ಇರಬೇಕು. ಈ ಒಂದು ಪ್ರಶ್ನೆಯಿಂದ ನನಗೆ ದಾರಿಯ ಬಗ್ಗೆ ಸಿಕ್ಕಷ್ಟು ಮಾಹಿತಿ ಯಾವ ನಕಾಶೆಯಲ್ಲೂ ಸಿಕ್ಕಿಲ್ಲ. ರೈಲು ಅಲುಗಾಡುವಾಗ ಸೈಕಲ್ ಜಾರದಂತೆ ಪಟ್ಟಿಯಲ್ಲಿ ಬಿಗಿದು, ಚಕ್ರಕ್ಕೆ ಬೀಗ ಹಾಕಿ. ಇಳಿಯುವ ನಿಲ್ದಾಣಕ್ಕೆ ಹತ್ತು ನಿಮಿಷ ಮುಂಚೆ ಎದ್ದು ಬಿಚ್ಚಿಟ್ಟುಕೊಳ್ಳಿ.

ಇಳಿದ ಮೇಲೆ ಆತುರ ಬೇಡ. ಗುಂಪು ಕರಗಲಿ. ಜೋಡಿಸಿದ ಮೇಲೆ ಚೀಲ ಹಾಕುವ ಮುಂಚೆ ಎರಡೂ ಬ್ರೇಕ್ ಒತ್ತಿ ನೋಡಿ. ಮುಂದಿನ ಚಕ್ರವನ್ನು ಕಾಲ ನಡುವೆ ಹಿಡಿದು ಹ್ಯಾಂಡಲ್ ಅಲ್ಲಾಡಿಸಿ ನೋಡಿ. ನಿಲ್ದಾಣದ ಹೊರಗೆ ನೂರು ಮೀಟರ್ ತುಳಿದು, ಎಲ್ಲ ಗೇರನ್ನೂ ಒಮ್ಮೆ ಬದಲಾಯಿಸಿ. ಸದ್ದು ಬಂದರೆ ಅಲ್ಲೇ ಸರಿಮಾಡಿ, ಅಲೆನ್ ಕೀ ಇನ್ನೂ ಜೇಬಿನಲ್ಲೇ ಇರುತ್ತದಲ್ವಾ.